ಅಪ್ಪನಿರುವಾಗಲೇ ಮಗನಿಗೂ ಕಿರೀಟ

ಅದು 987ರ ಮೇ ತಿಂಗಳು. ಫ್ರಾನ್ಸಿನ ರಾಜ ಐದನೇ ಲೂಯಿ ಬೇಟೆಗೆ ಹೋದವನು ಬಿದ್ದು, ಪೆಟ್ಟಾಗಿ ತೀರಿಕೊಂಡ. ವಯಸ್ಸು ಇಪ್ಪತ್ತರ ಆಸುಪಾಸು. ಮಕ್ಕಳಿರಲಿಲ್ಲ. ಚಿಕ್ಕಪ್ಪ ಚಾರ್ಲ್ಸ್ ಇದ್ದನಲ್ಲ, ಪಟ್ಟ ಅವನಿಗೇ ಸಿಗಬೇಕಿತ್ತು ಅನ್ನುತ್ತೀರಾ? ಸಿಗಲಿಲ್ಲ. ಸಾನ್ಲಿಸ್ ಎಂಬ ಊರಿನಲ್ಲಿ ಸರದಾರರೆಲ್ಲ ಸೇರಿದರು. ರಕ್ತಸಂಬಂಧವೊಂದೇ ಸಾಲದು, ಯೋಗ್ಯತೆಯೂ ಬೇಕು ಎಂದು ರೀಮ್ಸ್ ನಗರದ ಧರ್ಮಗುರು ಅಡಲ್‌ಬೆರೊ ವಾದಿಸಿದ. ಆಯ್ಕೆಯಾದವನು ಹ್ಯೂ ಕಾಪೆ ಎಂಬ ಸರದಾರ.

'ಕಾಪೆ' ಅಡ್ಡಹೆಸರು. ಮೇಲೆ ಹೊದೆಯುವ ನಿಲುವಂಗಿಯ ಹೆಸರಿನಿಂದ ಬಂದದ್ದು. ಹ್ಯೂ ಬಡಪಾಯಿಯೇನಲ್ಲ. ಅವನ ಅಜ್ಜನೂ ಅಜ್ಜನ ಅಣ್ಣನೂ ಸ್ವಲ್ಪ ಕಾಲ ರಾಜರಾಗಿದ್ದವರೇ. ಆದರೆ ಅವನ ಕೈಯಲ್ಲಿ ನಿಜವಾಗಿ ಇದ್ದದ್ದು ಪ್ಯಾರಿಸ್, ಓರ್ಲಿಯಾನ್ಸ್ ಸುತ್ತಲಿನ ನೆಲ ಅಷ್ಟೆ. ಉಳಿದ ಸರದಾರರು ತಮ್ಮ ಸೀಮೆಗೆ ತಾವೇ ದೊರೆಗಳು. ಒಬ್ಬ ಸರದಾರನನ್ನು ಹ್ಯೂ, ನಿನಗೆ ಈ ಪದವಿ ಕೊಟ್ಟವರು ಯಾರು ಎಂದು ಗದರಿದನಂತೆ. ನಿನ್ನನ್ನು ರಾಜ ಮಾಡಿದವರು ಯಾರು ಎಂದು ಅವನು ತಿರುಗಿಸಿ ಕೇಳಿದನಂತೆ! ಇದು ಕಥೆಯೇ ಇರಬಹುದು. ಆದರೆ ಹ್ಯೂನ ಪರಿಸ್ಥಿತಿ ಇದ್ದದ್ದೇ ಹಾಗೆ.

ಆರಿಸಿದವರು ನಾಳೆ ಬೇರೆಯವನನ್ನೂ ಆರಿಸಬಹುದು. ಆಗ ಮಗ ರಾಬರ್ಟನ ಗತಿ? ಅದೇ ಹೊತ್ತಿಗೆ ದೂರದ ಬಾರ್ಸಿಲೋನದಿಂದ ಸಹಾಯ ಕೇಳಿ ಪತ್ರ ಬಂತು. ಹ್ಯೂ ಆ ಪತ್ರವನ್ನೇ ಹಿಡಿದುಕೊಂಡ. ನಾನು ಯುದ್ಧದಲ್ಲಿ ಸತ್ತರೆ ರಾಜ್ಯಕ್ಕೆ ದಿಕ್ಕು ಯಾರು, ಮಗನಿಗೂ ಈಗಲೇ ಪಟ್ಟ ಕಟ್ಟಿ ಎಂದ. ಒಂದೇ ವರ್ಷದಲ್ಲಿ ಇಬ್ಬರು ರಾಜರೇ ಎಂದು ಅಡಲ್‌ಬೆರೊ ಗೊಣಗಿದ. ಕೊನೆಗೆ ಒಪ್ಪಿದ. ಅದೇ ವರ್ಷದ ಕ್ರಿಸ್‌ಮಸ್ ವೇಳೆಗೆ ಓರ್ಲಿಯಾನ್ಸ್‌ನಲ್ಲಿ ರಾಬರ್ಟನ ತಲೆಯ ಮೇಲೂ ಕಿರೀಟ! ಹ್ಯೂ ಬಾರ್ಸಿಲೋನಕ್ಕೆ ಹೋದನೇ? ಹೋಗಲೇ ಇಲ್ಲ.

ಚಾರ್ಲ್ಸ್ ಸುಮ್ಮನಿರಲಿಲ್ಲ. ಲಾನ್ ಕೋಟೆಯನ್ನು ಹಿಡಿದು ಕೂತ. 991ರಲ್ಲಿ ಅಲ್ಲಿನ ಬಿಷಪ್ಪನೇ ಮೋಸದಿಂದ ಅವನನ್ನು ಹ್ಯೂಗೆ ಹಿಡಿದುಕೊಟ್ಟ. ಚಾರ್ಲ್ಸ್ ಸೆರೆಯಲ್ಲೇ ಸತ್ತ.

ಅಪ್ಪನಿರುವಾಗಲೇ ಮಗನಿಗೆ ಪಟ್ಟ ಕಟ್ಟುವ ರೂಢಿ ಸುಮಾರು ಇನ್ನೂರು ವರ್ಷ ನಡೆಯಿತು. 1179ರಲ್ಲಿ ಹಾಗೆ ಪಟ್ಟವೇರಿದ ಎರಡನೇ ಫಿಲಿಪ್ ತನ್ನ ಮಗನಿಗೆ ಮಾತ್ರ ಹಾಗೆ ಮಾಡಲಿಲ್ಲ. ಅಷ್ಟರಲ್ಲಿ ಯಾರೂ ಪ್ರಶ್ನಿಸುವಂತಿರಲಿಲ್ಲ! ಅದೃಷ್ಟವೂ ಜೊತೆಗಿತ್ತು: 1316ರವರೆಗೆ ಒಬ್ಬ ರಾಜನೂ ಗಂಡುಮಗನಿಲ್ಲದೆ ಸಾಯಲಿಲ್ಲ. 1328ರಲ್ಲಿ ನೇರ ವಂಶ ಮುಗಿಯಿತು. ಮುಂದೆ ಆಳಿದ ವಾಲ್ವಾ, ಬೂರ್ಬೋನ್ ಮನೆತನಗಳೂ ಹ್ಯೂನ ವಂಶದ ಕವಲುಗಳೇ.

ಫ್ರೆಂಚ್ ಕ್ರಾಂತಿಯಲ್ಲಿ ಹದಿನಾರನೇ ಲೂಯಿಯ ಬಿರುದುಗಳನ್ನೆಲ್ಲ ಕಿತ್ತುಕೊಂಡವರು ಅವನನ್ನು ಬರೀ 'ಲೂಯಿ ಕಾಪೆ' ಎಂದು ಕರೆದರು. ಅದು ನನ್ನ ಹೆಸರಲ್ಲ, ನನ್ನ ಪೂರ್ವಿಕರದು ಎಂದು ಅವನು ಆಕ್ಷೇಪಿಸಿದ. ಯಾರೂ ಕೇಳಲಿಲ್ಲ.