ತಡವಾಗಿ ಬಂದ ಸರಿಯುತ್ತರ

ತಲೆಗೆ ಪೆಟ್ಟು ಬಿದ್ದವನ ಮಾತು ಸರಿಯಿದೆ ಎಂದು ಬರೆದುಕೊಡುವುದು ನಮ್ಮಲ್ಲಿ ಬಹಳ ಸುಲಭ. ಹೆಸರು ಕೇಳಿದರೆ ಹೇಳಿದ, ಪೆನ್ನು ತೋರಿಸಿದರೆ ಪೆನ್ನೆಂದ, ಮುಗಿಯಿತು. ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಭಾಷೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ಮೊಳಕಾಲ್ಮೂರಿನವನಾಗಿ ನನ್ನ ತಕರಾರು ಅದರ ಬಗ್ಗೆ.

ಪೆಟ್ಟಿಗೆ ಮೆದುಳು ಅಲುಗಿದಾಗ ಅದರ ಭಾಗಗಳನ್ನು ಜೋಡಿಸುವ ನರತಂತುಗಳು ಎಳೆದು ಜಖಂ ಆಗಬಹುದು. ಸಿಟಿ ಸ್ಕ್ಯಾನಿನಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಪದಗಳು ಇದ್ದಲ್ಲೇ ಇರುತ್ತವೆ, ಕೈಗೆ ಸಿಗುವುದು ತಡ. ಚಳ್ಳಕೆರೆ ಮಂಡಿಗೆ ಶೇಂಗಾ ತಂದ ಅಂಥ ರೈತನೊಬ್ಬನನ್ನು ನೆನೆದುಕೊಳ್ಳಿ. ದಲಾಲಿ ಹೇಳಿದ ದರ ಅವನಿಗೆ ಅರ್ಥವಾಗುತ್ತದೆ. ಅಷ್ಟರಲ್ಲಿ ಮಾತು ತೂಕ ದಾಟಿ ಕಮಿಷನ್ನಿಗೆ ಹೋಗಿರುತ್ತದೆ. ಸುಮ್ಮನೆ ತಲೆಯಾಡಿಸಿ ಬರುತ್ತಾನೆ. ಮನೆಯವರು ‘ಮೊದಲಿನಂಗಿಲ್ಲ’ ಅನ್ನುತ್ತಾರೆ, ಕಾಗದ ‘ಎಲ್ಲ ಸರಿ’ ಅನ್ನುತ್ತದೆ. ಅಪಘಾತ ಪರಿಹಾರದ ಕೋರ್ಟಿನಲ್ಲಿ ನಡೆಯುವುದು ಕಾಗದವೇ.

ಕನ್ನಡಕ್ಕೂ ಬಂದಿರುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯನ್ನು ಬೈದು ಪ್ರಯೋಜನವಿಲ್ಲ. ಅದು ಮಾತೇ ಮುರಿದವರಿಗೆಂದು ಮಾಡಿದ್ದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಎಂಬಂಥ ಕಡೆ ಬಿಟ್ಟರೆ ಅದರ ಬಹುಪಾಲು ಅಂಕ ಉತ್ತರ ಸರಿಯೇ ಎಂಬುದಕ್ಕೆ. ವೇಗ ಅಳೆಯಲೆಂದೇ ಇಂಗ್ಲೆಂಡಿನಲ್ಲಿ ಬ್ಯಾಡ್ಲಿ ಮತ್ತು ಸಂಗಡಿಗರು 1992ರಲ್ಲಿ ಬೇರೊಂದು ಪರೀಕ್ಷೆ ತಂದರು. ಚಿಕ್ಕ ಚಿಕ್ಕ ವಾಕ್ಯ ಓದಿ ನಿಜವೋ ಸುಳ್ಳೋ ಗುರುತು ಹಾಕಬೇಕು. ಎರಡು ನಿಮಿಷದಲ್ಲಿ ಎಷ್ಟಾಯಿತು ಎಂಬುದೇ ಲೆಕ್ಕ. ಜೊತೆಗೆ, ನಿಜವಾದ ಪದ ಮತ್ತು ಹುಸಿ ಪದಗಳ ಜೋಡಿ ಕೊಟ್ಟು, ಪೆಟ್ಟಿಗೆ ಮುಂಚೆ ಆತನ ಭಾಷೆ ಎಷ್ಟಿತ್ತೆಂದು ಅಂದಾಜು ಮಾಡುತ್ತಾರೆ.

ಹಾಗಾದರೆ ಅದನ್ನೇ ಅನುವಾದಿಸಿಬಿಡೋಣ ಅನ್ನುವವರಿದ್ದಾರೆ. ಬೇಡ. ಮೊಳಕಾಲ್ಮೂರಿನ ಪಕ್ಕದಲ್ಲೇ ಆಂಧ್ರ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ, ಸಂತೆಯಲ್ಲಿ ಎರಡೂ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನಿಗೆ ಅಚ್ಚಾದ ವಾಕ್ಯ ಕೊಟ್ಟು ಸ್ಟಾಪ್‌ವಾಚ್ ಹಿಡಿದರೆ, ಪೆಟ್ಟು ಬೀಳದಿದ್ದರೂ ಅವನು ನಿಧಾನವೇ. ಆಗ ಅಳೆದದ್ದು ಅವನ ಶಾಲೆಯನ್ನು. ಹುಸಿ ಪದದ ಕಥೆ ಇನ್ನೂ ತಮಾಷೆ: ಮೈಸೂರಿನ ವಿದ್ವಾಂಸರು ಹುಸಿಯೆಂದು ಕಟ್ಟಿದ ಪದ ನಮ್ಮ ಬೀದಿಯಲ್ಲಿ ದಿನಾ ಓಡಾಡುತ್ತಿರಬಹುದು.

ಕಿವಿಗೆ ಕೇಳಿಸಿ, ಆ ಮನೆಯ ಮಾತಿನಲ್ಲೇ. ‘ಎತ್ತು ಹಾಲು ಕೊಡ್ತೈತೆ.’ ಹೌದೋ, ಅಲ್ಲವೋ? ತೆಲುಗು ಮನೆಯಾದರೆ ತೆಲುಗಿನಲ್ಲಿ ಕೇಳಿ. ಹೋಲಿಕೆಗೆ ಬೆಂಗಳೂರಿನ ಪದವೀಧರರ ಸರಾಸರಿ ಬೇಡ. ಅಷ್ಟೇ ಓದಿದ, ಅದೇ ಕಸುಬಿನ, ಅದೇ ವಯಸ್ಸಿನ ನೂರಾರು ಜನರನ್ನು ಇದೇ ತಾಲ್ಲೂಕಿನಲ್ಲಿ ಕೂರಿಸಿ ವೇಳೆ ಬರೆದುಕೊಳ್ಳಬೇಕು. ಬೇಸರದ ಕೆಲಸ, ಹೆಸರೂ ಬರುವುದಿಲ್ಲ. ಅದಕ್ಕೇ ಅನುವಾದದ ಮೇಲೆ ಎಲ್ಲರಿಗೂ ಅಷ್ಟು ಪ್ರೀತಿ.

ಹೊರಗೆ ಇಷ್ಟುದ್ದ ಸಾಲಿದೆ, ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳುತ್ತಾರೆ. ಸಾಲು ಇರುವುದು ನಿಜ. ಅಂಥ ಪಟ್ಟಿ ಸಿದ್ಧವಾದ ಮೇಲೆ ಒಬ್ಬೊಬ್ಬರಿಗೆ ಬೇಕಾಗುವುದು ಎರಡು ನಿಮಿಷ, ಒಂದು ಗಡಿಯಾರ, ಊರಿನ ಮಾತು ಬಲ್ಲ ಒಬ್ಬ ನರ್ಸ್.