ಮೆಲಿನಾ ಯಾರು? ಊಹೆಗೆ 'ಪಕ್ಕಾ' ಸೀಲು ಯಾಕೆ?

ಜಪಾನಿನ 'ಎಲ್ಡೆನ್ ರಿಂಗ್' ಆಟದ ಮೆಲಿನಾಳೇ ಮುಸ್ಸಂಜೆ ಕಣ್ಣಿನ ರಾಣಿ, ಇದು 'ಕನ್ಫರ್ಮ್' ಎನ್ನುವ ವಿಡಿಯೊಗಳು ನಮ್ಮ ಮೊಬೈಲಿಗೂ ಬಂದಿವೆ. ಕನ್ಫರ್ಮ್ ಮಾಡಿದ್ದು ಯಾರು ಸ್ವಾಮಿ? ಆಟವಿಡೀ ಮುಚ್ಚಿರುವ ಆಕೆಯ ಎಡಗಣ್ಣು ಹುಚ್ಚುಜ್ವಾಲೆಯ ಮುಕ್ತಾಯದಲ್ಲಿ ತೆರೆಯುತ್ತದೆ, ಬಣ್ಣ ಸಂಜೆಗತ್ತಲಿನದು. ಒಳ್ಳೆಯ ಸುಳಿವೇ, ನಮಗೂ ಹಿಡಿಸಿದೆ. ಆದರೆ 2022ರ ಆಟವಾಗಲಿ, 2024ರ 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' ಆಗಲಿ ಆ ರಾಣಿ ಇವಳೇ ಎಂದು ಎಲ್ಲೂ ಹೇಳಿಲ್ಲ. ಕಥೆ ಆಯುಧ, ಬಟ್ಟೆಗಳ ವಿವರಣೆಯಲ್ಲಿ ಚೂರುಚೂರಾಗಿದೆ, ಜೋಡಿಸುವುದೇ ಮಜಾ. ಅನುಮಾನ ಪಟ್ಟ ಹುಡುಗನಿಗೆ 'ಆಟ ಆಡಿದ್ದೀಯೇನೋ' ಎಂದು ಗದರುವುದು ಬೇರೆ! ಬಾಯಿಮಾತು ನಂಬಿ ಸುದ್ದಿ ಕಳಿಸಿದರೆ ಡೆಸ್ಕಿನವರು ನಮ್ಮನ್ನು ಬೈಯುತ್ತಾರೆ, ಬೈಯಲೇಬೇಕು. 'ನಮ್ಮ ಊಹೆ' ಎಂಬ ಎರಡು ಪದ ಸೇರಿಸಲು ಈ ಚಾನೆಲ್‌ನವರಿಗೇನು ಕಷ್ಟ? ವ್ಯೂಸ್ ಕಮ್ಮಿಯಾದೀತು, ಅಷ್ಟೇ ತಾನೆ?