ಕೂಸು ಹುಟ್ಟುವ ಮುನ್ನ

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವವರನ್ನು ಕಾಣಬೇಕಾದರೆ ವಾಚಕರು ಪದ್ಮನಾಭನಗರದ ನಮ್ಮ ಮನೆಯ ವರಾಂಡಕ್ಕೆ ದಯಮಾಡಿಸಬೇಕು. ಅಕ್ಕನ ಮಗನೂ ಅವನ ಮಿತ್ರಮಂಡಲಿಯೂ ಅಲ್ಲಿ ಕುಳಿತು, ಇನ್ನೂ ಬಾರದಿರುವ ಆರನೆಯ ಪ್ಲೇಸ್ಟೇಷನ್ ಎಂಬ ಆಟದ ಯಂತ್ರದ ಜಾತಕ ಬರೆಯುತ್ತಿರುತ್ತಾರೆ: ಚಿಪ್ಪಿನ ವೇಗವೆಷ್ಟು, ಮೆಮೊರಿ ಎಷ್ಟು!

ಊಹೆಗೆ ಆಧಾರವೇ ಇಲ್ಲವೆಂದಲ್ಲ. ಮುಂದಿನ ಯಂತ್ರದ ಚಿಪ್ಪಿಗೆಂದು ರೂಪಿಸುತ್ತಿರುವ ಕೆಲವು ತಂತ್ರಗಳನ್ನು ಸೋನಿ ಮತ್ತು ಎ.ಎಂ.ಡಿ. ಸಂಸ್ಥೆಗಳು 2025ರ ಅಕ್ಟೋಬರಿನಲ್ಲಿ ತಾವೇ ಪ್ರಕಟಿಸಿವೆ. ಆದರೆ ಅಂಕಿಗಳನ್ನು ನಂಬಿ ಗೆಲುವನ್ನು ನುಡಿಯಲಾದೀತೆ? 2020ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಚಿತ್ರ ಮೂಡಿಸಲು ಸೆಕೆಂಡಿಗೆ 12 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು. ಅದೇ ತಿಂಗಳು ಬಂದ ಐದನೆಯ ಪ್ಲೇಸ್ಟೇಷನ್, 10 ಲಕ್ಷ ಕೋಟಿಗೆ ತುಸು ಮೇಲೆ. ಮೆಮೊರಿ ಎರಡಕ್ಕೂ 16 ಜಿ.ಬಿ. ಮಾರುಕಟ್ಟೆ ಒಲಿದದ್ದು ಲೆಕ್ಕದಲ್ಲಿ ಹಿಂದೆ ಬಿದ್ದುದಕ್ಕೆ! 2017ರ ನಿಂಟೆಂಡೊ ಸ್ವಿಚ್ ಇವೆರಡಕ್ಕಿಂತಲೂ ಬಲು ದುರ್ಬಲ. ಮಾರಾಟವಾದದ್ದು 15 ಕೋಟಿಗೂ ಹೆಚ್ಚು.

“ಈಗ ಕೊಳ್ಳುವುದು ಬೇಡ ಮಾಮ, ಹೊಸದು ಬರಲಿ” ಎಂಬುದು ಹುಡುಗನ ಹಟ. ಈ ಬೇಸಿಗೆ ಕಳೆದರೆ ಅವನಿಗೆ ಪಿ.ಯು.ಸಿ.; ಜೊತೆಗಾರರು ದಿಕ್ಕಿಗೊಬ್ಬರು. ಕಾದರೆ ಯಂತ್ರ ಬಂದೀತು. ಒಟ್ಟಿಗೆ ಕುಳಿತು ಆಡುವ ಈ ರಜೆ ಮತ್ತೆ ಬಂದೀತೆ?